ಪಹಣಿಯಲ್ಲಿ ಹೆಸರು: ಕೊರೋನಾ ಪರಿಹಾರ ಮತ್ತು ನಮ್ಮ ರೈತರು



ಸಂಘದ ರಜತ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಇಪ್ಪತ್ತೈದು ವರ್ಷಗಳನ್ನು ಹಿಂತಿರುಗಿ ನೋಡಿದರೆ, 2020 ಮತ್ತು 2021ನೇ ಇಸವಿಗಳನ್ನು ದಾಟಿ ಹೋಗಲಿಕ್ಕೆ ಆಗುವುದಿಲ್ಲ. ರೋಗದ ಕತೆ ಎಲ್ಲರಿಗೂ ಗೊತ್ತು. ಆಗ ಸರ್ಕಾರ ರೈತರಿಗೆ ಕೊಟ್ಟ ಹಣ ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ, ಯಾಕೆ ಎಂಬುದನ್ನು ಮಾತ್ರ ಇಲ್ಲಿ ಬರೆದಿಡುತ್ತೇವೆ.

ಸರ್ಕಾರದ ದಫ್ತರಕ್ಕೂ ನಮ್ಮ ರೈತರಿಗೂ ಹಳೇ ಸಂಬಂಧ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಕರಬಂದಿ ಚಳವಳಿ ಬಂತು. ಕಂದಾಯ ಕೊಡುವುದಿಲ್ಲ ಎಂದವರ ಜಮೀನು ಜಪ್ತಿಯಾಯಿತು. ಅಂದು ಕಂದಾಯ ದಫ್ತರ ಹಿಡಿದು ವಸೂಲಿಗೆ ಬಂದ ಸರ್ಕಾರ, ತೊಂಬತ್ತು ವರ್ಷಗಳ ನಂತರ ಅಂಥದೇ ದಫ್ತರ ನೋಡಿ ಹಣ ಹಂಚಿತು.

2020ರ ಮಾರ್ಚ್ 25ರಿಂದ ದೇಶವೇ ಬಂದ್. ನಮ್ಮ ಕಡೆ ಅದು ತರಕಾರಿ, ಕಲ್ಲಂಗಡಿ ಮುಗಿದು ಇಶಾಡು ಮಾವು ಬರುವ ಕಾಲ. ಕಾರವಾರದ ರವಿವಾರದ ಸಂತೆ ನಿಂತಿತು. ಮಾಜಾಳಿಯಾಚೆ ಗೋವಾ ಗಡಿ ಮುಚ್ಚಿತು. ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಹೆಂಗಸರಿಗೆ ಗಿರಾಕಿಯೇ ಇಲ್ಲ.

ಮೊದಲು ಬಂದದ್ದು ಕಿಸಾನ್ ಸಮ್ಮಾನ್ ಹಣ. ವರ್ಷದ 6,000 ರೂಪಾಯಿಯಲ್ಲಿ 2,000ದ ಕಂತನ್ನು ಕೇಂದ್ರ ಏಪ್ರಿಲ್‌ನಲ್ಲೇ ಹಾಕಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂವಿನ ಬೆಳೆಗೆ ಹೆಕ್ಟೇರಿಗೆ 25,000, ಆಯ್ದ ಹಣ್ಣು-ತರಕಾರಿಗೆ 15,000 ರೂಪಾಯಿ ಎಂದು ಸಾರಿತು; ಒಂದು ಹೆಕ್ಟೇರೇ ಮಿತಿ. ಮೆಕ್ಕೆಜೋಳದವರಿಗೆ ತಲಾ 5,000. ಅದು ಘಟ್ಟದ ಮೇಲಿನ ಮುಂಡಗೋಡ, ಹಳಿಯಾಳದವರ ಪಾಲು. 2021ರ ಎರಡನೇ ಅಲೆಯಲ್ಲಿ ಹೂವು, ಹಣ್ಣು, ತರಕಾರಿಗೆ ಹೆಕ್ಟೇರಿಗೆ 10,000 ಮಾತ್ರ.

ಕೇಳಲಿಕ್ಕೆ ದೊಡ್ಡ ಮೊತ್ತ. ಆದರೆ ಒಂದು ಹೆಕ್ಟೇರೆಂದರೆ ಸುಮಾರು 99 ಗುಂಟೆ. ನಮ್ಮವರ ಹತ್ತು ಗುಂಟೆಯ ಹಿತ್ತಲಿಗೆ ಲೆಕ್ಕ ಹಾಕಿದರೆ ಮೊದಲ ವರ್ಷ ಸುಮಾರು 1,500, ಮರುವರ್ಷ ಸಾವಿರ ರೂಪಾಯಿ!

ಅದೂ ಎಲ್ಲರಿಗೂ ಇಲ್ಲ. ಹಣ ಬರುವುದಕ್ಕೆ ಪಹಣಿಯಲ್ಲಿ ಹೆಸರು, ಬೆಳೆ ಸಮೀಕ್ಷೆಯಲ್ಲಿ ಬೆಳೆ, ಬ್ಯಾಂಕ್ ಖಾತೆಗೆ ಆಧಾರ್ ಮೂರೂ ಕೂಡಿಬರಬೇಕು. ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರಿದ್ದರೆ ಮೊಮ್ಮಗ ರೈತನೇ ಅಲ್ಲ! ಕಾನೂನಿನಂತೆ ಗೇಣಿ ಪದ್ಧತಿ 1974ರ ಮಾರ್ಚ್ 1ಕ್ಕೇ ಮುಗಿದಿದೆ. ಹಾಗಾಗಿ ಬಾಯಿಮಾತಿನಲ್ಲಿ ಬೇರೆಯವರ ಗದ್ದೆ ಹಿಡಿದು ತರಕಾರಿ ಮಾಡುವವರಿಗೆ ಕಾಗದವೇ ಇಲ್ಲ. ನೀರು ಹೊತ್ತು ಬೆಳೆಸಿದವಳು ಒಬ್ಬಳು, ದಫ್ತರದಲ್ಲಿ ಇರುವವನು ಇನ್ನೊಬ್ಬ. "ದುಡ್ಡು ಬಂತಾ ಮಾರಾಯ್ರೆ?" ಎಂದು ಕೇಳಿಕೊಂಡು ಸಂಘದ ಕಟ್ಟೆಗೆ ಬಂದು, ಇಲ್ಲವೆಂದು ತಿಳಿದು ಸುಮ್ಮನೆ ವಾಪಸ್ಸು ಹೋದವರನ್ನು ನಾವು ಮರೆತಿಲ್ಲ.

ಕೈಗೆ ಕಾಣದ ಇನ್ನೊಂದು ಪರಿಹಾರವೂ ಇತ್ತು. ಸಂಘದ ಬೆಳೆಸಾಲಕ್ಕೆ ಆಗ 3 ಲಕ್ಷದವರೆಗೆ ಬಡ್ಡಿ ಇರಲಿಲ್ಲ. ಆದರೆ ಗಡುವು ತಪ್ಪಿದರೆ ಬಡ್ಡಿ ಬೀಳುತ್ತದೆ. 2020ರ ಮಾರ್ಚ್ 1ರ ನಂತರ ಗಡುವು ಬಂದ ಬೆಳೆಸಾಲಗಳಿಗೆ ಕೇಂದ್ರವು ಮೊದಲು ಮೇ ಕೊನೆವರೆಗೆ, ಆಮೇಲೆ ಆಗಸ್ಟ್ 31ರವರೆಗೆ ಬಡ್ಡಿ ರಿಯಾಯಿತಿ ಮುಂದುವರಿಸಿತು. ಮಾಲು ಮಾರಲಾಗದೆ ಕುಳಿತ ಸದಸ್ಯನಿಗೆ ಸಾವಿರ ರೂಪಾಯಿಗಿಂತ ಈ ಮುದ್ದತ್ತೇ ಹೆಚ್ಚು ಉಪಕಾರ ಮಾಡಿತು ಎಂಬುದು ನಮ್ಮ ಅಭಿಪ್ರಾಯ. ಇದು ಮುಟ್ಟಿದ್ದೂ ಸಂಘದ ಪುಸ್ತಕದಲ್ಲಿ ಹೆಸರಿದ್ದವರಿಗೇ.

2019ರಲ್ಲಿ ಗಂಗಾವಳಿ, ಕಾಳಿ ಉಕ್ಕಿದವು. 2021ರ ಜುಲೈಯಲ್ಲಿ ಮತ್ತೆ ನೆರೆ. ಕಷ್ಟ ಹೇಳಿ ಬರುವುದಿಲ್ಲ, ಬಂದಾಗ ಕಾಗದ ಹುಡುಕಲು ಪುರುಸೊತ್ತೂ ಕೊಡುವುದಿಲ್ಲ. ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ: ಅಜ್ಜನ ಹೆಸರಿನ ಜಮೀನಿಗೆ ಪೌತಿ ಖಾತೆ ಮಾಡಿಸಿರಿ. ಬೆಳೆ ಸಮೀಕ್ಷೆಗೆ ಬಂದಾಗ ಗದ್ದೆಯಲ್ಲಿ ನಿಂತು ಬೆಳೆ ಬರೆಸಿರಿ. ದುಡಿಯುವ ಹೆಂಗಸರನ್ನೂ ಸಂಘದ ಸದಸ್ಯರನ್ನಾಗಿ ಮಾಡಿರಿ. ಬೇರೆಯವರ ಗದ್ದೆ ಮಾಡುವವರ ಹೆಸರು ಯಾವ ದಫ್ತರದಲ್ಲೂ ಇಲ್ಲ. ಅವರಿಗೊಂದು ದಾರಿ ಹುಡುಕುವುದು ಸಂಘದ ಮುಂದಿನ ಇಪ್ಪತ್ತೈದು ವರ್ಷಗಳ ಕೆಲಸವಾಗಲಿ.