ಮಸ್ಕಿಯ ಅಶೋಕಶಾಸನವೂ ಪಡಿಯಚ್ಚಿನ ಕಾಗದವೂ

ರಾಯಚೂರು ಸೀಮೆಯಲ್ಲಿ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹಾದಿಯ ನಡುವೆ ಮಸ್ಕಿಯೆಂಬ ಊರಿರುವುದು. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿರುವ ಈ ಊರಿನ ಗುಡ್ಡದ ಬಂಡೆಯೊಂದರ ಮೇಲೆ 1915ನೆಯ ಇಸವಿಯ ಜನವರಿ ತಿಂಗಳಲ್ಲಿ, ಚಿನ್ನದ ಗಣಿಗಳ ಇಂಜಿನಿಯರಾಗಿದ್ದ ಬೀಡನ್ ಎಂಬವರು ಬ್ರಾಹ್ಮೀಲಿಪಿಯ ಬರಹವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದು ಸಂಸ್ಥಾನದ ಪ್ರಾಕ್ತನವಿಮರ್ಶೆಯ ಗ್ರಂಥಮಾಲೆಯಲ್ಲಿ ಮೊದಲನೆಯ ಸಂಚಿಕೆಯಾಗಿ ಅದೇ ವರ್ಷವೇ ಪ್ರಕಟಿಸಿದರು. ಪ್ರಿನ್ಸೆಪ್ಪನು 1837ರಲ್ಲಿ ಬ್ರಾಹ್ಮಿಯನ್ನು ಬಿಡಿಸಿದಂದಿನಿಂದ ‘ದೇವಾನಾಂಪ್ರಿಯ’ನೆಂಬ ಬಿರುದಿನ ದೊರೆಯೇ ಅಶೋಕನೆಂಬುದಕ್ಕೆ ಸಿಂಹಳದ ಇತಿಹಾಸಗ್ರಂಥಗಳೇ ಮುಖ್ಯವಾದ ಆಧಾರವಾಗಿದ್ದುವು. ಮಸ್ಕಿಯ ಬಂಡೆಯಲ್ಲಾದರೋ ಮೊದಲನೆಯ ಸಾಲಿನಲ್ಲಿಯೇ ಬಿರುದಿನ ಬೆನ್ನಿಗೆ ‘ಅಸೋಕಸ’ ಎಂದು ದೊರೆಯ ಹೆಸರು ಕಾಣಬಂದಿತು.

ಈ ಸಂಗತಿಯು ವಿದ್ವಾಂಸರಿಗೆಲ್ಲ ವಿದಿತವೇ ಆಗಿದೆ. ಆದರೆ ಶಾಸನದ ಪಾಠವನ್ನು ಚರ್ಚಿಸಿದವರಲ್ಲಿ ಬಹುಮಂದಿ ಮಸ್ಕಿಯ ಗುಡ್ಡವನ್ನು ಹತ್ತಿದವರಲ್ಲ. ಅವರು ಕಂಡದ್ದು ಬಂಡೆಯನ್ನಲ್ಲ, ಕಾಗದವನ್ನು. ಹುಲ್ಟ್ಷರು 1925ರಲ್ಲಿ ಹೊರತಂದ ಅಶೋಕಶಾಸನಗಳ ಮಹಾಸಂಪುಟದಲ್ಲಿಯೂ ವಾಚಕರ ಮುಂದಿರುವುದು ಪಡಿಯಚ್ಚುಗಳ ಚಿತ್ರಫಲಕಗಳೇ. ಹೀಗಿರುವಾಗ ಪಡಿಯಚ್ಚಿನ ಕಾಗದವು ಎಂತಹದಾಗಿರಬೇಕೆಂಬುದು ಬರಿಯ ಕೈಕೆಲಸದವರ ವಿಚಾರವೆಂದು ತಳ್ಳಿಬಿಡತಕ್ಕುದಲ್ಲ.

ಪಡಿಯಚ್ಚನ್ನು ತೆಗೆಯುವ ಕ್ರಮವು ಸರಳವಾದುದು. ಬಂಡೆಯನ್ನು ಕುಂಚದಿಂದಲೂ ನೀರಿನಿಂದಲೂ ಚೆನ್ನಾಗಿ ತೊಳೆದು, ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಬಿರುಸಾದ ಕುಂಚದಿಂದ ಸಮವಾಗಿ ಬಡಿಯುವರು. ಆಗ ಕಾಗದವು ಅಕ್ಷರಗಳ ಕೊರೆತದೊಳಕ್ಕೆ ಇಳಿದು ಕುಳಿತುಕೊಳ್ಳುವುದು. ಬಳಿಕ ಬಟ್ಟೆಯ ಮೆತ್ತೆಗೆ ಮಸಿಯನ್ನು ತೆಳ್ಳಗೆ ಹಚ್ಚಿಕೊಂಡು ಮೇಲ್ಮೈಯನ್ನು ಒತ್ತುತ್ತ ಬಂದರೆ, ಬಂಡೆಯ ಮೈಯೆಲ್ಲ ಕಪ್ಪಾಗಿಯೂ ತಗ್ಗಿನಲ್ಲಿರುವ ಅಕ್ಷರಗಳು ಬೆಳ್ಳಗಾಗಿಯೂ ಉಳಿಯುವುವು. ಮಸಿಯು ಕಾಗದದ ಹೊರಮೈಗೇ ತಾಗುವುದರಿಂದ ಅಚ್ಚುಮೊಳೆಯ ಮುದ್ರಣದಲ್ಲಾಗುವಂತೆ ಎಡಬಲಗಳು ಅದಲುಬದಲಾಗುವುದಿಲ್ಲ. ಒಣಗಿದ ಮೇಲೆ ಕಿತ್ತುಕೊಂಡರೆ ನೇರವಾಗಿ ಓದಬಹುದು. ಕರಿಯ ನೆಲದ ಮೇಲೆ ಬಿಳಿಯ ಅಕ್ಷರವು ಕನ್ನಡಿಗರ ಕಣ್ಣಿಗೆ ಹೊಸತಲ್ಲವಷ್ಟೆ! ಬಟ್ಟೆಗೆ ಇದ್ದಿಲನ್ನೂ ಹುಣಿಸೆಬೀಜದ ಸರಿಯನ್ನೂ ಬಳಿದು ಬಳಪದಿಂದ ಬರೆಯುತ್ತಿದ್ದ ಕಡತಗಳು ನಮ್ಮ ಮಠಗಳಲ್ಲಿಯೂ ಲೆಕ್ಕದ ಮನೆಗಳಲ್ಲಿಯೂ ಇದೇ ರೂಪವನ್ನು ಬಹುಕಾಲ ತಾಳಿದ್ದುವು.

ಮೇಲ್ಕಂಡ ಕೆಲಸಕ್ಕೆ ಎಲ್ಲ ಕಾಗದವೂ ಒದಗುವುದಿಲ್ಲ. ಒದ್ದೆಯಾದಾಗ ಹರಿಯದಷ್ಟು ಬಲವು ಅದಕ್ಕಿರಬೇಕು. ಕಿರಿದಾದ ಗೀರಿಗೂ ಬಾಗುವಷ್ಟು ತೆಳುವೂ ಆಗಿರಬೇಕು. ಈ ಎರಡು ಗುಣಗಳೂ ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಉದ್ದನೆಯ ನಾರಿನಿಂದ ಮಾಡಿದ ಕಾಗದದಲ್ಲಿ ಕೂಡಿಬರುವುವು. ಚೀನದೇಶದಲ್ಲಿ ಈ ವಿದ್ಯೆಯು ಬಹು ಪ್ರಾಚೀನವಾದುದು. ದುನ್‌ಹುವಾಂಗ್ ಗುಹೆಯಲ್ಲಿ ದೊರೆತ, ತಾಂಗ್ ವಂಶದ ತೈತ್ಸುಂಗ್ ಚಕ್ರವರ್ತಿಯ ಶಾಸನದ ಪಡಿಯಚ್ಚು ಕ್ರಿಸ್ತಶಕ ಏಳನೆಯ ಶತಮಾನದ್ದು. ಅಲ್ಲಿಯ ಆನ್‌ಹುಯಿ ಪ್ರಾಂತ್ಯದ ಶ್ವಾನ್ ಕಾಗದವನ್ನು ಒಂದು ಬಗೆಯ ಮರದ ತೊಗಟೆಯ ನಾರು ಮತ್ತು ಬತ್ತದ ಹುಲ್ಲುಗಳಿಂದ ಮಾಡುವರು. ಜಪಾನಿನವರು ‘ಕೊಝೋ’ ಎಂಬ ಗಿಡದ ಒಳತೊಗಟೆಯ ನೀಳವಾದ ನಾರನ್ನು ಬಳಸುವರು. ಇವುಗಳಲ್ಲಿ ಗಂಜಿ ಹಾಕದ ಬಗೆಗಳು ನೀರನ್ನು ಒಡನೆಯೇ ಹೀರಿಕೊಂಡು ಮೆತ್ತಗಾಗುವುವು.

ನಮ್ಮ ದೇಶದ ಕೈಕಾಗದದ ಸಂಪ್ರದಾಯವು ಬೇರೆ ದಾರಿಯನ್ನು ಹಿಡಿದಿತ್ತು. ದೌಲತಾಬಾದಿನ ಬಳಿಯ ಕಾಗಜೀಪುರದಂತಹ ಊರುಗಳಲ್ಲಿ ಆಗುತ್ತಿದ್ದ ಕಾಗದವು ಬರಹಗಾರನ ಲೇಖನಿಗಾಗಿ ಹುಟ್ಟಿದುದು. ಮಸಿ ಹರಡದಂತೆ ಅದಕ್ಕೆ ಗಂಜಿಯನ್ನು ಹಚ್ಚಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪನ್ನು ಕೊಡುತ್ತಿದ್ದರು. ದಫ್ತರಕ್ಕೆ ಅದು ಎಷ್ಟು ಶ್ರೇಷ್ಠವೋ ಬಂಡೆಗೆ ಅಷ್ಟೇ ಅಯೋಗ್ಯ. ಗಂಜಿಯ ಪೊರೆಯು ನೀರನ್ನು ತಡೆಯುವುದು. ಉಜ್ಜಿದ ಕಾಗದವು ಬಿರುಸಾಗಿ ನಿಂತು ಅಕ್ಷರದ ಅಂಚಿನ ಮೇಲೆ ಸೇತುವೆಯಂತೆ ಹಾಯುವುದು.

ಮಸ್ಕಿಯಲ್ಲಿ ಈ ವ್ಯತ್ಯಾಸವು ಎಷ್ಟು ದೂರ ಹೋಗಬಹುದೆಂಬುದಕ್ಕೆ ಅದರ ಪಾಠವೇ ನಿದರ್ಶನ. ಎಂಟು ಸಾಲುಗಳ ಈ ಬರಹದಲ್ಲಿ ನಡುನಡುವೆ ಅಕ್ಷರಗಳು ಸವೆದುಹೋಗಿರುವುವು. ಇದೇ ಶಾಸನದ ಬೇರೆ ಪ್ರತಿಗಳಲ್ಲಿ ದೊರೆಯು ತಾನು ‘ಉಪಾಸಕ’ನಾಗಿ ಎರಡೂವರೆ ವರ್ಷಕ್ಕಿಂತ ಮಿಗಿಲಾಯಿತೆಂದು ಹೇಳಿಕೊಳ್ಳುವನು. ಆ ಪದವು ಬರಬೇಕಾದ ಎಡೆಯಲ್ಲಿ ಹುಲ್ಟ್ಷರು ಮಸ್ಕಿಯ ಪಾಠವನ್ನು ‘ಬುದ್ಧಶಾಕ್ಯ’ ಎಂಬ ಅರ್ಥದಲ್ಲಿ ತೆಗೆದುಕೊಂಡರು. ಇಲ್ಲಿಯೂ ‘ಉಪಾಸಕ’ ಎಂಬುದೇ ಇರಬೇಕೆಂದು ವಾದಿಸಿದವರೂ ಉಂಟು. ಅಶೋಕನು ತನ್ನನ್ನು ಗೃಹಸ್ಥಭಕ್ತನೆಂದನೋ ಶಾಕ್ಯನ ಮತದವನೆಂದನೋ ಎಂಬ ಪ್ರಶ್ನೆಯು ಹೀಗೆ ಒಂದೆರಡು ಗೀರುಗಳ ಮೇಲೆ ನಿಂತಿರುವುದು. ಗೀರು ಉಳಿಯ ಕೊರೆತವೋ ಕಲ್ಲಿನ ಬಿರುಕೋ ಎಂಬುದನ್ನು ತಿಳಿಯಬೇಕಾದರೆ ಅದರ ತಳವೂ ಅಂಚೂ ಕಾಗದಕ್ಕೆ ಬಂದಿರಬೇಕು. ದಪ್ಪನೆಯ ಕಾಗದವು ಎರಡನ್ನೂ ಒಂದೇ ಬಿಳಿಯ ಕಲೆಯಾಗಿ ತೋರಿಸುವುದು. ಅತಿ ತೆಳುವಾದುದು ಒರಟು ಕಲ್ಲಿನ ಮೇಲೆ ಹರಿದು ಇಲ್ಲದ ಗೀರನ್ನು ಹುಟ್ಟಿಸುವುದು. ದೊಡ್ಡ ಬಂಡೆಗೆ ಹಾಳೆಗಳನ್ನು ಜೋಡಿಸುವಾಗಲೂ ಎಚ್ಚರಿಕೆ ಬೇಕು. ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುವುದು ಕಾಗದದ ಸ್ವಭಾವ. ಆದುದರಿಂದ ಪಡಿಯಚ್ಚಿನಿಂದ ಅಕ್ಷರಗಳ ಅಳತೆಯನ್ನು ಎತ್ತಿಕೊಳ್ಳುವವರು ಕಲ್ಲಿನ ಮೇಲಿನ ಅಳತೆಯೊಡನೆ ಅದನ್ನು ಹೋಲಿಸದೆ ನಂಬಲಾಗದು.

ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆಯಾಚೆ ನಿಟ್ಟೂರು, ಉದೇಗೋಳಗಳಲ್ಲಿ 1977-78ರ ಸುಮಾರಿಗೆ ದೊರೆತ ಅಶೋಕಶಾಸನಗಳಲ್ಲಿಯೂ ದೊರೆಯ ಹೆಸರಿದೆ. ಮಸ್ಕಿಯ ಸಾಕ್ಷ್ಯವು ಈಗ ಒಂಟಿಯಾಗಿಲ್ಲವಾದರೂ ಮೊದಲ ಗೌರವವು ಅದರದೇ.

ಈಚಿನ ವರ್ಷಗಳಲ್ಲಿ ಪ್ರಶ್ನೆಯು ತಿರುಗುಮುರುಗಾಗಿದೆ. 2023ರ ಕೇಂದ್ರದ ಆಯವ್ಯಯದಲ್ಲಿ ಒಂದು ಲಕ್ಷ ಪ್ರಾಚೀನ ಶಾಸನಗಳನ್ನು ಮೊದಲ ಹಂತದಲ್ಲಿ ಡಿಜಿಟಲ್ ರೂಪಕ್ಕೆ ತರುವ ಯೋಜನೆಯು ಪ್ರಕಟವಾಯಿತು. ಹಾಗೆ ಸೆರೆಹಿಡಿದ ಪಡಿಯಚ್ಚನ್ನು ಪಾಠಶಾಲೆಗೋ ಪ್ರದರ್ಶನಕ್ಕೋ ಬಂಡೆಯಷ್ಟೇ ದೊಡ್ಡದಾಗಿ ಇಂಕ್‌ಜೆಟ್ ಯಂತ್ರದಿಂದ ಮುದ್ರಿಸಬಹುದು. ಮೂಲದ ಮೈಯನ್ನು ಹೋಲಲೆಂದು ಪೂರ್ವದೇಶದ ನಾರುಗಾಗದವನ್ನೇ ಆರಿಸುವುದು ಸಹಜ. ಆದರೆ ಬಂಡೆಯ ಮೇಲೆ ಗುಣವಾಗಿದ್ದುದೇ ಇಲ್ಲಿ ದೋಷವಾಗುವುದು. ಗಂಜಿಯಿಲ್ಲದ ಕಾಗದದಲ್ಲಿ ಯಂತ್ರವು ಚಿಮ್ಮಿಸಿದ ಹನಿಯು ನಾರುಗಳ ಗುಂಟ ಹರಡುವುದರಿಂದ ಕಪ್ಪು ಮಂಕಾಗಿ ಅಕ್ಷರದ ಅಂಚು ಕದಡುವುದು. ಆದಕಾರಣ ಜಪಾನಿನ ಅವಗಾಮಿ ಮೊದಲಾದ ತಯಾರಕರು ಮಸಿಯನ್ನು ಮೇಲ್ಮೈಯಲ್ಲಿಯೇ ಹಿಡಿದಿಡುವ ಲೇಪವುಳ್ಳ ಕಾಗದಗಳನ್ನು ಹಾಳೆಯಾಗಿಯೂ ಸುರುಳಿಯಾಗಿಯೂ ಮಾಡುವರು. ಕಾಗಜೀಪುರದವರು ಲೇಖನಿಗಾಗಿ ಹಚ್ಚುತ್ತಿದ್ದ ಗಂಜಿಯ ಕೆಲಸವನ್ನೇ ಈ ಲೇಪವು ಮಾಡುವುದು. ಇಂತಹ ಕಾಗದದಲ್ಲಿಯೂ ಉದ್ದನೆಯ ನಾರುಗಳು ಅಲ್ಲಲ್ಲಿ ಮೇಲೆದ್ದು ಕಾಣುವುದುಂಟು. ಚಿತ್ರಕ್ಕೆ ಅದು ಸೊಗಸಾದರೂ ಶಾಸನಕ್ಕೆ ಅಪಾಯ: ಮಸ್ಕಿಯ ಎರಡನೆಯ ಸಾಲಿನಲ್ಲಿ ನಾರೊಂದು ಅಕ್ಷರದ ಗೆರೆಯೆಂದು ತೋರಿದರೆ ಓದುಗನಿಗೆ ಹೊಸದೊಂದು ಪಾಠಾಂತರವೇ ಸಿಕ್ಕಂತಾಗುವುದು. ನಾರು ಒಡೆದು ಕಾಣದ, ಏಕರೂಪವಾದ, ಅಚ್ಚ ಬಿಳುಪಿಗಿಂತ ತುಸು ಕೆನೆಯ ಬಣ್ಣದ ಹಾಳೆಯೇ ಈ ಬಳಕೆಗೆ ತಕ್ಕುದು; ಜೊತೆಗೆ ಅಳತೆಗೋಲಿನ ಚಿತ್ರವೂ ಅದೇ ಹಾಳೆಯಲ್ಲಿ ಮುದ್ರಿತವಾಗಿರತಕ್ಕುದು.