ಒಣಗಿದ ಜೊಂಡಿನ ಸಾಕ್ಷ್ಯ

ಶಾಸನಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ, ಒಣಗಿದ ಗಿಡವೂ ಶಾಸನವಾಗಬಲ್ಲದೆಂದು ತಿಳಿದದ್ದು ನಿವೃತ್ತಿಯ ಅನಂತರ. ಅಮೆರಿಕದ ಮೊಹಾವಿ ಮರುಭೂಮಿಯ ಒಂದು ಜೊಂಡು ನನಗೆ ಆ ಪಾಠವನ್ನು ಕಲಿಸಿತು.

ಮರುಭೂಮಿಗೂ ಜೊಂಡಿಗೂ ಏನು ನಂಟು ಎಂದು ತಾವು ಕೇಳಬಹುದು. ಜೊಂಡಿಗೆ ಬೇಕಾದುದು ಮಳೆಯಲ್ಲ, ಬೇರಿಗೆ ಎಟುಕುವ ನೀರು. ದೂರದ ಬೆಟ್ಟಗಳ ಮಳೆ, ಹಿಮ ನೆಲದೊಳಗೆ ಇಳಿದು, ಎಲ್ಲಿಯೋ ಒರತೆಯಾಗಿ ಹೊರಬೀಳುತ್ತವೆ. ಬಿಸಿಲಿಗೆ ನೀರು ಆರಿದಂತೆಲ್ಲ ಸುತ್ತ ಉಪ್ಪು ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಆ ಉಪ್ಪುಜೌಗಿನಲ್ಲಿಯೇ ಈ ಜೊಂಡು ಮೊನಚು ಕಡ್ಡಿಗಳ ಪೊದೆಯಾಗಿ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ ತಗ್ಗಾದ ಡೆತ್ ವ್ಯಾಲಿಯಲ್ಲಿಯೂ ಬೆಳೆಯುತ್ತದೆ.

1860ರ ಸುಮಾರಿಗೆ ಜೇಮ್ಸ್ ಗ್ರಹಾಂ ಕೂಪರ್ ಎಂಬ ವೈದ್ಯ ಈ ಸೀಮೆಯಲ್ಲಿ ಗಿಡಗಳನ್ನು ಸಂಗ್ರಹಿಸಿದ. ಸೇಂಟ್ ಲೂಯಿಸ್ ನಗರದ ಇನ್ನೊಬ್ಬ ವೈದ್ಯ ಜಾರ್ಜ್ ಎಂಗೆಲ್‌ಮನ್ 1868ರಲ್ಲಿ ಈ ಜೊಂಡಿಗೆ ಜಂಕಸ್ ಕೂಪೆರಿ ಎಂಬ ಹೆಸರಿಟ್ಟ. 1891ರಲ್ಲಿ ಡೆತ್ ವ್ಯಾಲಿಗೆ ಹೋದ ತಂಡದ ಸಸ್ಯಜ್ಞ ಫ್ರೆಡರಿಕ್ ಕೊವಿಲ್; ಅವನ ಗ್ರಂಥ 1893ರಲ್ಲಿ ಅಚ್ಚಾಯಿತು.

ಹರ್ಬೇರಿಯಂ ಎಂದರೆ ಇಂಥವರು ತಂದ ಒಣಗಿಡಗಳ ಭಂಡಾರ. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಚೀಟಿ: ಎಲ್ಲಿ, ಎಂದು, ಯಾರು. ನಮ್ಮ ಎಷ್ಟೋ ಶಾಸನಗಳಿಗೆ ತೇದಿಯ ಈ ಭಾಗ್ಯವಿಲ್ಲ! ಜೊಂಡು ಓಡಾಡುವ ಪ್ರಾಣಿಯಲ್ಲ. ಆದ್ದರಿಂದ, ಆ ದಿನ ಆ ಸ್ಥಳದಲ್ಲಿ ನೆಲ ತೇವವಾಗಿತ್ತೆಂಬುದಕ್ಕೆ ಆ ಹಾಳೆಯೇ ಪ್ರಮಾಣ.

ಆದರೆ ಹಾಳೆಯಿಲ್ಲದ ಮಾತ್ರಕ್ಕೆ ಜೊಂಡಿರಲಿಲ್ಲವೆನ್ನುವುದು ತಪ್ಪು. ಸಂಗ್ರಾಹಕರು ಹೋದದ್ದು ದಾರಿಯಿದ್ದಲ್ಲಿಗೆ, ಕುದುರೆಗೆ ನೀರು ಸಿಕ್ಕಲ್ಲಿಗೆ. ಶಾಸನ ಸಿಕ್ಕದ ಊರಿನಲ್ಲಿ ಜನರೇ ಇರಲಿಲ್ಲವೆಂದು ಯಾವ ಇತಿಹಾಸಕಾರನು ಹೇಳಿಯಾನು?

ಇದು ಬರಿಯ ಪಾಂಡಿತ್ಯದ ಮಾತಲ್ಲ. ಲಾಸ್ ವೇಗಸ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಹುಲ್ಲುಗಾವಲುಗಳು. ಅಲ್ಲಿನ ಒರತೆಗಳಿಂದಲೇ ಊರು ಬೆಳೆಯಿತು. ಬೆಳೆದ ಊರು ನೆಲದ ನೀರನ್ನು ಹೀರಿತು. 1962ರಲ್ಲಿ ಒರತೆಗಳು ನಿಂತವು. ಹೆಸರು ಉಳಿಯಿತು, ಅರ್ಥ ಬತ್ತಿತು. ಸನಿಹದ ಆಶ್ ಮೆಡೋಸ್ ಪ್ರದೇಶದಲ್ಲಿ ಹಾಗಾಗಲಿಲ್ಲ. ಡೆವಿಲ್ಸ್ ಹೋಲ್ ಎಂಬ ಮಡುವಿನ ಪುಟ್ಟ ಮೀನುಗಳಿಗಾಗಿ 1976ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸುತ್ತಲ ಬಾವಿಗಳಿಂದ ನೀರೆತ್ತುವುದಕ್ಕೆ ಮಿತಿ ಹಾಕುವ ತೀರ್ಪನ್ನು ಎತ್ತಿಹಿಡಿಯಿತು. 1984ರಲ್ಲಿ ಆಶ್ ಮೆಡೋಸ್ ವನ್ಯಜೀವಿಗಳ ರಕ್ಷಿತ ನೆಲೆಯಾಯಿತು.

ಒರತೆ ಬತ್ತಿದ ಮೇಲೆ, ಅಲ್ಲಿ ನೀರು ಎಂದಾದರೂ ಇತ್ತೇ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಆಗ ಉತ್ತರ ಕೊಡುವುದು ಯಾವುದೋ ಕಪಾಟಿನಲ್ಲಿ ಮಲಗಿರುವ ನಾಲ್ಕು ಒಣಗಿದ ಕಡ್ಡಿ, ಒಂದು ಚೀಟಿ.