ಫ್ಯಾಟಿ ಲಿವರ್ ಮಾತ್ರೆಗೆ 44 ವರ್ಷ ಯಾಕೆ ಬೇಕಾಯ್ತು?

ಸ್ಕ್ಯಾನಿಂಗ್ ರಿಪೋರ್ಟಲ್ಲಿ 'ಫ್ಯಾಟಿ ಲಿವರ್, ಗ್ರೇಡ್ 1' ಅನ್ನೋ ಸಾಲು ಈಗ ತುಂಬಾ ಮನೆಗಳಲ್ಲಿ ಪರಿಚಿತ. ಡಾಕ್ಟರ್ ಹೇಳೋದು ಸಾಮಾನ್ಯವಾಗಿ ಇಷ್ಟೇ: ತೂಕ ಇಳಿಸಿ, ವಾಕಿಂಗ್ ಮಾಡಿ. ಮಾತ್ರೆ ಯಾಕೆ ಕೊಡಲ್ಲ? ನಾನು ಓದಿದ್ದು ಬಿ.ಕಾಂ., ವೈದ್ಯಕೀಯ ಸಲಹೆ ಕೊಡೋದಿಲ್ಲ. ಆದ್ರೆ ಈ ಪ್ರಶ್ನೆಯ ಇತಿಹಾಸ ಹೇಳಬಲ್ಲೆ.

ಅದು ಶುರುವಾಗೋದು ಕೆನಡಾದ ಟೊರೊಂಟೊದಲ್ಲಿ. 1920ರ ದಶಕದಲ್ಲಿ ಅಲ್ಲಿ ಪ್ಯಾಂಕ್ರಿಯಾಸ್ ತೆಗೆದ ನಾಯಿಗಳನ್ನ ಹೊಸದಾಗಿ ಸಿಕ್ಕಿದ್ದ ಇನ್ಸುಲಿನ್ ಕೊಟ್ಟು ಬದುಕಿಸ್ತಿದ್ರು. ಆದ್ರೂ ಅವುಗಳ ಲಿವರಲ್ಲಿ ಕೊಬ್ಬು ತುಂಬ್ತಿತ್ತು. ಮೊಟ್ಟೆಯ ಹಳದಿಯಲ್ಲೂ ಇರೋ ಲೆಸಿಥಿನ್ ಕೊಟ್ರೆ ಅದು ತಪ್ತಿತ್ತು. ಲೆಸಿಥಿನ್ ಒಳಗಿನ ಕೋಲಿನ್ ಅನ್ನೋ ಅಂಶವೇ ಇದಕ್ಕೆ ಕಾರಣ ಅಂತ 1932ರಲ್ಲಿ ಚಾರ್ಲ್ಸ್ ಬೆಸ್ಟ್ ತಂಡ ಇಲಿಗಳಲ್ಲಿ ತೋರಿಸಿತು.

ಲಿವರ್ ತನ್ನ ಕೊಬ್ಬನ್ನ ಪ್ಯಾಕ್ ಮಾಡಿ ರಕ್ತಕ್ಕೆ ಕಳಿಸೋಕೆ ಕೋಲಿನ್ ಬೇಕು. ಇಲ್ಲದಿದ್ರೆ ಸ್ಟಾಕ್ ಗೋಡೌನಲ್ಲೇ ಉಳಿಯುತ್ತೆ. ಹಾಗಾಗಿ ವಿಜ್ಞಾನಿಗಳಿಗೆ ಒಂದು ಸುಲಭ ದಾರಿ ಸಿಕ್ತು. ಕೋಲಿನ್, ಮೆಥಿಯೊನಿನ್ ಎರಡನ್ನೂ ತೆಗೆದ ಆಹಾರ ಹಾಕಿದ್ರೆ ಸಾಕು, ಕೆಲವೇ ವಾರಗಳಲ್ಲಿ ಇಲಿಯ ಲಿವರಿಗೆ ಕೊಬ್ಬು, ಉರಿಯೂತ, ಗಾಯದ ಕಲೆ ಎಲ್ಲಾ ಬರುತ್ತೆ.

1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಯೂರ್ಗೆನ್ ಲುಡ್ವಿಗ್ ತಂಡ 20 ರೋಗಿಗಳ ಬಗ್ಗೆ ಬರೆಯಿತು. ಲಿವರ್ ನೋಡಿದ್ರೆ ವಿಪರೀತ ಕುಡಿಯೋರದ್ದರ ಹಾಗಿತ್ತು, ಆದ್ರೆ ಇವರು ಹಾಗೆ ಕುಡಿಯೋರಲ್ಲ. ಹೆಚ್ಚಿನವರು ದಪ್ಪ ಇದ್ರು. ಕಾಯಿಲೆಗೆ ನ್ಯಾಶ್ ಅಂತ ಹೆಸರು ಬಂತು.

ಸಮಸ್ಯೆ ಇಲ್ಲೇ ಇತ್ತು. ಕೋಲಿನ್ ಇಲ್ಲದ ಆಹಾರ ತಿಂದ ಇಲಿ ಸೊರಗಿಹೋಗುತ್ತೆ. ಅದರ ಲಿವರ್ ನಮ್ಮ ರೋಗಿಯ ಥರ, ಮೈ ಮಾತ್ರ ತದ್ವಿರುದ್ಧ. ಇನ್ನೊಂದು ಇಲಿ 1949ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬಲ್ಲಿ ತಾನಾಗೇ ಹುಟ್ಟಿತು. ಹಸಿವು ನಿಲ್ಲಿಸೋ ಲೆಪ್ಟಿನ್ ಹಾರ್ಮೋನೇ ಇದರಲ್ಲಿಲ್ಲ ಅಂತ 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡದ ಸಂಶೋಧನೆಯಿಂದ ತಿಳೀತು. ಇದು ದಪ್ಪ ಆಗುತ್ತೆ, ಲಿವರಲ್ಲಿ ಕೊಬ್ಬೂ ತುಂಬುತ್ತೆ. ಆದ್ರೆ ಗಾಯದ ಕಲೆ ತಾನಾಗಿ ಅಷ್ಟಾಗಿ ಬರಲ್ಲ. ಮನುಷ್ಯರಲ್ಲಿ ಸಿರೋಸಿಸ್‌ವರೆಗೆ ಒಯ್ಯೋದು ಆ ಕಲೆಯೇ!

ಅಂದ್ರೆ ಎರಡೂ ಇಲಿಗಳಲ್ಲಿ ಅರ್ಧರ್ಧ ಕಾಯಿಲೆ. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಎಲಾಫಿಬ್ರನೋರ್ 2020ರಲ್ಲಿ ಮನುಷ್ಯರ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ಔಷಧಿಗಾಗಿ ಕಾಯ್ತಿದ್ದವರು ಮತ್ತೆ ಕಾಯಬೇಕಾಯ್ತು.

ಕೊನೆಗೆ 2024ರ ಮಾರ್ಚಲ್ಲಿ ರೆಸ್ಮೆಟಿರೋಮ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ತು. ಈ ಕಾಯಿಲೆಗೆ ಅಲ್ಲಿ ಅದೇ ಮೊದಲನೆಯದು. ಅದರ ಪರೀಕ್ಷೆಯಲ್ಲಿ ಕಲೆ ಕಡಿಮೆಯಾಗಿದ್ದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಔಷಧಿಯೇ ಇಲ್ಲದ ಡಮ್ಮಿ ಮಾತ್ರೆ ನುಂಗಿದವರಲ್ಲೂ 100ಕ್ಕೆ 14 ಜನರಿಗೆ ಕಡಿಮೆಯಾಗಿತ್ತು. ಇತ್ತ 2019ರಲ್ಲಿ ತಕನೋರಿ ತಕೆಬೆ ತಂಡ ಮನುಷ್ಯರ ಕಾಂಡಕೋಶಗಳಿಂದಲೇ ಪುಟಾಣಿ ಲಿವರ್ ಉಂಡೆಗಳನ್ನ ಬೆಳೆಸಿ, ಅವಕ್ಕೇ ಕಾಯಿಲೆ ಬರಿಸಿ ತೋರಿಸಿದೆ.

ಇನ್ಮೇಲೆ 'ಫ್ಯಾಟಿ ಲಿವರ್‌ಗೆ ಔಷಧಿ ಸಿಕ್ತು, ಇಲಿಗಳಲ್ಲಿ ಯಶಸ್ವಿ' ಅನ್ನೋ ಸುದ್ದಿ ಫಾರ್ವರ್ಡ್ ಬಂದ್ರೆ, ಯಾವ ಇಲಿ ಅಂತ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.